ಹಗ್ಗದ ಕೊನೆಗೆ ಬದಲಿ ಬೇಕು

ಬೆಳಕಿನ್ನೂ ಹರಿದಿಲ್ಲ. ಹಳೆಯ ಉಗ್ರಾಣವೊಂದರ ಕಬ್ಬಿಣದ ಬಾಗಿಲನ್ನು ಭುಜಕೊಟ್ಟು ತಳ್ಳಿ, ಒಳಗಿನಿಂದ ಹಿರಿಯ ಹೆಂಗಸೊಬ್ಬರು ದಪ್ಪ ಹಗ್ಗವೊಂದನ್ನು ಹೆಗಲಿಗೆ ಹಾಕಿಕೊಂಡು ಬರುತ್ತಾರೆ. ಹಗ್ಗದ ಉದ್ದಕ್ಕೂ ಮಾರು ದೂರಕ್ಕೊಂದು ಗಂಟು. ಅಂಗಳದ ಮಂಜಿನಲ್ಲಿ ಹುಡುಗಿಯರ ಮುಖ ಕಾಣುವುದಿಲ್ಲ, ಆಕಳಿಕೆ ಮಾತ್ರ ಕೇಳಿಸುತ್ತದೆ. ಸ್ವಂತ ಮಕ್ಕಳನ್ನು ಎಬ್ಬಿಸುವುದರೊಳಗೆ ಹೈರಾಣಾಗುವ ನನ್ನಂಥವರಿಗೆ, ಇಷ್ಟು ಮಂದಿ ಹುಡುಗಿಯರು ಈ ಹೊತ್ತಿಗೆ ತಾವಾಗಿಯೇ ಬಂದು ನಿಂತಿರುವುದೇ ಮೊದಲ ಅಚ್ಚರಿ.

"ಹಲ್ಲುಜ್ಜಿದ್ದೀರೇನ್ರೇ ಎಲ್ಲಾ?"

"ಟಾರ್ಚಕ್ಕ, ಮೊದಲು ನಿಮ್ಮದು ಹೇಳಿ!" ಮಂಜಿನೊಳಗಿಂದ ಒಂದು ದನಿ.

"ನಂದೇನು ಬಿಡೇ, ಉಜ್ಜೋಕೆ ಉಳಿದಿರೋದೇ ನಾಲ್ಕು."

ನಗು ಎದ್ದು ಅಡಗುತ್ತದೆ. ಹುಡುಗಿಯರು ಒಬ್ಬೊಬ್ಬರಾಗಿ ಒಂದೊಂದು ಗಂಟು ಹಿಡಿಯುತ್ತಾರೆ, ನೋಡಲು ಬಂದ ನಾನೂ ನಡುವೆ ಒಂದನ್ನು ಹಿಡಿಯುತ್ತೇನೆ. ಕಟ್ಟಕಡೆಯ ಗಂಟು ಮಾತ್ರ ಹಾಗೇ ಬಿದ್ದಿದೆ. ಅದರ ಹತ್ತಿರ ಯಾರೂ ಸುಳಿಯುವುದಿಲ್ಲ. ಟಾರ್ಚಕ್ಕ ಕೈದೀಪ ಹೊತ್ತಿಸಿಕೊಂಡು ಮುಂದೆ ನಡೆಯುತ್ತಾರೆ, ಸಾಲು ಹಿಂದೆ ಹೊರಡುತ್ತದೆ. ಖಾಲಿ ತುದಿ ಜಲ್ಲಿಕಲ್ಲಿನ ಮೇಲೆ ಎಳೆದುಕೊಂಡು ಹೋಗುವ ಸದ್ದಿಗೆ ಕಾಯುತ್ತೇನೆ. ಆ ಸದ್ದು ಬರುವುದಿಲ್ಲ.

ಇದು ಬಾಲಕಿಯರ ದಳದ ಶನಿವಾರದ ನಡಿಗೆ. ಉಗ್ರಾಣದಿಂದ ಹೊರಟು, ನೀರು ತುಂಬಿದ ಹಳೇ ಕಲ್ಲುಕ್ವಾರಿಯನ್ನು ಸುತ್ತಿ, ಗುಡ್ಡದ ನೀರಿನ ಟ್ಯಾಂಕಿನವರೆಗೆ ಹೋಗಿ ಬರುವುದು. ಮುಂದೆ ದೀಪ ಹಿಡಿಯುವ ಟಾರ್ಚಕ್ಕನಿಗೆ ಅರವತ್ತು ಹತ್ತಿರ ಬಂತು. ವಾರವಿಡೀ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ರಕ್ತ, ಕೀವು, ಔಷಧಿ ಮೆತ್ತಿದ ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನ ಯಂತ್ರಕ್ಕೆ ತುಂಬಿ, ತೆಗೆದು, ಹಿಂಡಿ, ಮಡಿಸುವುದು. ಬೆರಳ ಸಂದಿಗಳೆಲ್ಲ ಸೋಡಾ ತಿಂದು ಬಿಳಿಚಿವೆ. ಮದುವೆಯಾದ ಮಗಳು ಒಬ್ಬಳಿದ್ದಾಳೆ. "ಶನಿವಾರನಾದ್ರೂ ಮಲಗಮ್ಮ ಅಂತಾಳೆ. ಮಲಗಿದ್ರೆ ಯಾರೇ ದೀಪ ಹಿಡಿಯೋರು, ನಿಮ್ಮತ್ತೇನಾ ಅಂತೀನಿ" ಎಂದು ನಗುತ್ತಾರೆ.

ದಳವನ್ನು ಕಟ್ಟಿದ್ದು ಆಕೆಯಲ್ಲ. ಕಟ್ಟಿದವರನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕುಳಿತು, ಯಾವ ಬಸ್ಸು ಎಷ್ಟೊತ್ತಿಗೆ ಎಂದು ಜನರಿಗೆ ಹೇಳಿ ಹೇಳಿ ದನಿ ಒರಟಾಗಿದ್ದ ಹೆಂಗಸು. ರಜೆಯ ದಿನಗಳೆಲ್ಲ ಹುಡುಗಿಯರಿಗೆ. ಡೇರೆ ಹಾಕುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಈಜುವುದು, ಮನೆಯಲ್ಲಿ ಹೊಡೆಯುವವರಿದ್ದರೆ ಯಾರಿಗೆ ಹೇಳಬೇಕು ಎನ್ನುವುದು, ಎಲ್ಲವನ್ನೂ ಕಲಿಸಿದವರು. ಸಂಬಳದ ಆಸೆಯಿಲ್ಲದೆ ಜೀವಮಾನವನ್ನೇ ಇದಕ್ಕೆ ತೇಯ್ದರು.

ಹಗ್ಗ ಬಂದದ್ದು ಒಂದು ಕೆಟ್ಟ ಬೆಳಗಿನ ನಂತರ. ಮಂಜಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಕುಳಿತಳು. ಸಾಲು ಮುಂದೆ ಹೋಯಿತು. ಹುಡುಕಿಕೊಂಡು ಬಂದಾಗ ಅವಳು ಕ್ವಾರಿಯ ಅಂಚಿನಲ್ಲಿ, ನೀರಿಗೆ ಬೆನ್ನು ಹಾಕಿ, ಅಳದೆ ನಿಂತಿದ್ದಳು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟಿದ್ದರೆ ಮುಗಿದಿತ್ತು. ಮುಂದಿನ ವಾರವೇ ದೊಡ್ಡಕ್ಕ ಹಗ್ಗ ತಂದರು, ಕೊನೆಯ ಗಂಟನ್ನು ತಾವೇ ಹಿಡಿದರು. ಕ್ವಾರಿಯ ತಿರುವಿನಲ್ಲಿ ಮುಂದಿದ್ದವರು "ಎಲ್ಲಾ ಇದ್ದೀರಾ?" ಎಂದು ಕೂಗಬೇಕು. ಎಲ್ಲರೂ ಇದ್ದರೆ ಕೊನೆಯವರು ಹಗ್ಗವನ್ನು ಒಮ್ಮೆ ಜಗ್ಗಬೇಕು. ಆ ಜಗ್ಗು ಕೈಯಿಂದ ಕೈಗೆ ಹಾದು ಮುಂದಕ್ಕೆ ಬರುತ್ತದೆ.

"ಮುಂದೆ ಯಾರು ಬೇಕಾದ್ರೂ ನಡೀಬಹುದು ಕಣೆ, ಹಿಂದೆ ಇರೋರು ಗಟ್ಟಿ ಇರಬೇಕು ಅನ್ನೋರು. ಅದಕ್ಕೇ ನನ್ನ ಮುಂದೆ ಹಾಕಿದ್ರು" ಎನ್ನುತ್ತಾರೆ ಟಾರ್ಚಕ್ಕ.

ದೊಡ್ಡಕ್ಕ ತೀರಿಕೊಂಡ ಮೇಲೆ ದಳದ ಹಳೆಯ ಹುಡುಗಿಯರು ಸೇರಿ ಅವರ ನೆನಪಿಗೆ ಒಂದು ವಿದ್ಯಾರ್ಥಿವೇತನ ಇಟ್ಟರು. ವರ್ಷಕ್ಕೆ ದಳದ ಒಬ್ಬ ಹುಡುಗಿಯ ಓದಿನ ಮತ್ತು ಹಾಸ್ಟೆಲಿನ ಖರ್ಚು ಪೂರ್ತಿ. ಬದಲಿಗೆ ಅವಳು ಏನು ಮಾಡಬೇಕು ಎಂದು ಅವರ ಸಮಿತಿ ಕೇಳಿದಾಗ ಟಾರ್ಚಕ್ಕ ಒಂದೇ ಷರತ್ತು ಹೇಳಿದರು: ಶನಿವಾರಗಳಲ್ಲಿ ಹಗ್ಗದ ಕೊನೆಯ ಗಂಟು ಹಿಡಿಯಬೇಕು.

ಅಲ್ಲಿಂದ ತೊಡಕು ಶುರುವಾಯಿತು. ಮೊದಲ ವರ್ಷ ಆಯ್ಕೆಯಾದವಳು ಕೆಲವು ವಾರ ಹಿಡಿದು, ಒಂದು ಬೆಳಿಗ್ಗೆ ಹಗ್ಗ ಬಿಟ್ಟು ಓಡಿಬಂದಳು. "ಗಂಟಿನ ಮೇಲೆ ನನ್ನ ಕೈಗೆ ಜಾಗ ಸಾಲ್ತಾ ಇಲ್ಲ ಅಕ್ಕ" ಎಂದಷ್ಟೇ ಹೇಳಿ, ವೇತನವೂ ಬೇಡವೆಂದು ಬಿಟ್ಟಳು. ಮರುವರ್ಷ ಯಾರೂ ಅರ್ಜಿ ಹಾಕಲಿಲ್ಲ. ಗಂಟು ಖಾಲಿ. ಆದರೂ ಕ್ವಾರಿಯ ತಿರುವಿನಲ್ಲಿ ಕೂಗಿದಾಗ ಹಿಂದಿನಿಂದ ಜಗ್ಗು ಬರುತ್ತದೆ. ಕೊನೆಯಲ್ಲಿ ನಡೆಯುವ ಹುಡುಗಿ ತಾನಲ್ಲ ಎಂದು ಆಣೆ ಹಾಕುತ್ತಾಳೆ. ನಾನು ಹೋದ ಮೊದಲ ಶನಿವಾರವೂ ಅದು ಬಂತು. ಹಗ್ಗದ ನಡುವೆ ನಿಂತಿದ್ದ ನನ್ನ ಅಂಗೈಯೊಳಗೇ ಹಾದುಹೋಯಿತು. ನಿಧಾನ, ಗಟ್ಟಿ, ಅವಸರವಿಲ್ಲದ ಜಗ್ಗು.

"ಭಯ ಆಗಲ್ವಾ ನಿಮಗೆ?" ಎಂದು ಟಾರ್ಚಕ್ಕನನ್ನು ಕೇಳಿದೆ.

"ಭಯ ಯಾಕೆ? ಪಾಪ ಅನ್ಸುತ್ತೆ." ಒಗೆದ ಹಗ್ಗವನ್ನು ಕಟ್ಟೆಯ ಮೇಲೆ ಹರಡುತ್ತ ಆಕೆ ಮಾತಾಡಿದರು. "ನಮ್ಮ ಒಗೆಯೋ ಕೋಣೇಲಿ ಒಂದು ಪದ್ಧತಿ ಇದೆ. ಯಂತ್ರ ಓಡ್ತಿರುವಾಗ ಬದಲಿ ಬರೋವರೆಗೂ ಜಾಗ ಬಿಡೋ ಹಾಗಿಲ್ಲ. ಹೊಟ್ಟೆ ಹಸೀಲಿ, ಜ್ವರ ಬರ್ಲಿ, ನಿಂತಿರಬೇಕು. ದೊಡ್ಡಕ್ಕ ಅಂಥವರೇ. ಬದಲಿ ಯಾರೂ ಬಂದಿಲ್ವಲ್ಲ, ಅವರು ಹೆಂಗೆ ಹೋಗ್ತಾರೆ ಹೇಳಿ? ಇನ್ನೂ ಅಲ್ಲೇ ನಿಂತಿದಾರೆ. ಯಾರಾದ್ರೂ ಅವರ ಕೈಯಿಂದ ಇಸ್ಕೊಂಡು, ನೀವು ಹೊರಡಿ ಅನ್ನಬೇಕು."

"ನೀವೇ ಇಸ್ಕೋಬಹುದಲ್ಲ?"

"ನಾನು ಹಿಂದೆ ಹೋದ್ರೆ ದೀಪ?"

ಸಮಿತಿಯ ಅಧ್ಯಕ್ಷೆ ಹಲ್ಲಿನ ಡಾಕ್ಟರು. ಒಂದು ಕಾಲಕ್ಕೆ ಇದೇ ಹಗ್ಗ ಹಿಡಿದು ನಡೆದವರು. ಈ ಮಾತು ಅವರಿಗೆ ಹಿಡಿಸುವುದಿಲ್ಲ, ತೆಗೆದುಹಾಕಲೂ ಮನಸ್ಸಿಲ್ಲ. "ಟಾರ್ಚಕ್ಕನ ಷರತ್ತು ಇದೊಂದು ವರ್ಷ ಇರಲಿ ಅಂದಿದ್ದೀನಿ. ಈ ಸಲವೂ ಯಾರೂ ಹಿಡೀದಿದ್ರೆ ಆ ದುಡ್ಡು ಗ್ರಂಥಾಲಯಕ್ಕೆ ಹೋಗುತ್ತೆ. ಹುಡುಗಿಯರನ್ನ ಹೆದರಿಸೋಕೆ ನಾವು ವೇತನ ಇಟ್ಟಿಲ್ಲ" ಎನ್ನುತ್ತಾರೆ.

ಈ ಸಲ ಅರ್ಜಿ ಹಾಕಿದವಳು ಒಬ್ಬಳೇ. ಬೇಕರಿಯ ಒಲೆ ಮುಂದೆ ಕೆಲಸ ಮಾಡುವಾಕೆಯ ಮಗಳು. ನರ್ಸಿಂಗ್ ಸೀಟು ಸಿಕ್ಕಿದೆ. ವೇತನ ಸಿಗದಿದ್ದರೆ ಅವಳೂ ಒಲೆಯ ಮುಂದೆಯೇ. ತಾಯಿಗೆ ನಂಬಿಕೆ ಕಡಿಮೆ. "ರಾತ್ರಿ ನೀರು ಕುಡಿಯೋಕೂ ನನ್ನ ಎಬ್ಬಿಸೋ ಪುಕ್ಕಲಿ ಇವಳು. ಇವಳೇನು ಹಿಡೀತಾಳೆ" ಎನ್ನುತ್ತಾರೆ, ಮಗಳ ಶಾಲನ್ನು ಕುತ್ತಿಗೆಗೆ ಇನ್ನೊಂದು ಸುತ್ತು ಸುತ್ತುತ್ತ.

ಮೊನ್ನೆಯ ಶನಿವಾರ. ಮಂಜು ಮೊದಲಿಗಿಂತ ದಟ್ಟ. ಡಾಕ್ಟರು ಕಾರಿನ ಪಕ್ಕ ಕೈಕಟ್ಟಿ ನಿಂತಿದ್ದಾರೆ. ಬೇಕರಿಯ ಹುಡುಗಿ ಕೊನೆಯ ಗಂಟಿನ ಮುಂದೆ ನಿಂತು ಅದನ್ನೇ ನೋಡುತ್ತಿದ್ದಾಳೆ. ಟಾರ್ಚಕ್ಕ ಹತ್ತಿರ ಹೋಗುತ್ತಾರೆ.

"ಏನಂತ ಹೇಳ್ಲಿ ಅಕ್ಕ?"

"ದೊಡ್ಡೋರ ಹತ್ರ ಹೆಂಗೆ ಮಾತಾಡ್ತೀಯೋ ಹಂಗೆ. ಕೊಡಿ, ನಾನು ಹಿಡ್ಕೋತೀನಿ ಅನ್ನು."

ಹುಡುಗಿ ಬಗ್ಗುತ್ತಾಳೆ. ತುಟಿ ಅಲುಗುತ್ತದೆ, ಮಾತು ನಮಗೆ ಕೇಳಿಸುವುದಿಲ್ಲ. ಗಂಟು ಹಿಡಿದು ಎತ್ತುತ್ತಾಳೆ. ಒಂದು ಕ್ಷಣ ಅದು ಏಳುವುದಿಲ್ಲ, ಆಚೆಯಿಂದ ಯಾರೋ ಅವಳ ಮುಖವನ್ನು ಸರಿಯಾಗಿ ನೋಡಿಕೊಳ್ಳುತ್ತಿರುವಂತೆ. ಆಮೇಲೆ ಹಗುರಾಗಿ ಕೈಗೆ ಬರುತ್ತದೆ.

ನಾವು ನಡೆಯುತ್ತೇವೆ. ಕ್ವಾರಿಯ ಬಳಿ ದಾರಿ ನೀರನ್ನು ಬಳಸಿ ಲಾಳದ ಹಾಗೆ ಬಾಗುತ್ತದೆ. ಸಾಲಿನ ತಲೆ ಆಚೆ ದಡದಲ್ಲಿರುವಾಗ ಬಾಲ ಈಚೆ ದಡದಲ್ಲಿರುತ್ತದೆ. ನಡುವಿನಲ್ಲಿರುವ ನನ್ನ ಕಣ್ಣಿಗೆ ಬಂಡೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. "ಎಲ್ಲಾ ಇದ್ದೀರಾ?" ಟಾರ್ಚಕ್ಕನ ಕೂಗು ನೀರಿನ ಮೇಲೆ ಹಾದು ಬರುತ್ತದೆ.

ಏನೂ ಇಲ್ಲ. ನನ್ನ ಮುಂದಿನ ಹುಡುಗಿ ಹಿಂದೆ ತಿರುಗಿ ನೋಡುತ್ತಾಳೆ. ಆಮೇಲೆ ಬರುತ್ತದೆ. ತಡವಾಗಿ, ನಡುಗುತ್ತ, ಬೇಕಾದ್ದಕ್ಕಿಂತ ಜೋರಾಗಿ. ಹದಿಹರೆಯದ ಬೆವರುಗೈಯ ಜಗ್ಗು. ಯಾರೋ ಕಿಸಕ್ಕೆಂದು ನಗುತ್ತಾರೆ, ಇಡೀ ಸಾಲು ನಗುತ್ತದೆ.

ಉಗ್ರಾಣಕ್ಕೆ ಮರಳುವಷ್ಟರಲ್ಲಿ ಬಿಸಿಲು ಬಿದ್ದಿದೆ. ಡಾಕ್ಟರು ಹುಡುಗಿಯ ಬೆನ್ನು ತಟ್ಟುತ್ತಾರೆ, "ಸೋಮವಾರ ಬಂದು ಸಹಿ ಹಾಕು" ಎನ್ನುತ್ತಾರೆ. ಅಲ್ಲೇ ಕಾದಿದ್ದ ತಾಯಿ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಇವತ್ತಿಂದ ನೀರು ನೀನೇ ಎದ್ದು ಕುಡಿ" ಎಂದು ಗದರುತ್ತಾರೆ.

"ಹಿಂದೆ ಯಾರಾದ್ರೂ ಇದ್ರೇನೇ?" ಟಾರ್ಚಕ್ಕ ಕೇಳುತ್ತಾರೆ, ಕೇಳಬಾರದೆಂದುಕೊಂಡೇ ಕೇಳಿದಂತೆ.

"ಇಲ್ಲ ಅಕ್ಕ. ನನ್ನ ಹಿಂದೆ ಯಾರೂ ಇರಲಿಲ್ಲ." ಹುಡುಗಿ ಅಂಗೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾಳೆ. "ಕ್ವಾರಿ ಹತ್ರ ಆಚೆ ದಡದಲ್ಲಿ ನಿಮ್ಮ ದೀಪ ಕಾಣ್ತಿತ್ತು. ನಿಮ್ಮ ಪಕ್ಕ ಇನ್ನೊಬ್ರು ನಡೀತಿದ್ರಲ್ಲ, ಅವರು ಯಾರು?"

ಟಾರ್ಚಕ್ಕ ಮೆಟ್ಟಿಲ ಮೇಲೆ ಕುಳಿತು, ಹಗ್ಗವನ್ನು ಸುತ್ತತೊಡಗುತ್ತಾರೆ. ಹುಡುಗಿಯರೆಲ್ಲ ಹೋದ ಮೇಲೆ ನನ್ನ ಕಡೆ ತಿರುಗುತ್ತಾರೆ.

"ಬದಲಿ ಬಂದ ತಕ್ಷಣ ಯಾರೂ ಸೀದಾ ಮನೆಗೆ ಹೋಗಲ್ಲ. ಒಗೆಯೋ ಕೋಣೇಲಿ ನಾವೂ ಅಷ್ಟೇ. ಗೇಟಿನ ಹತ್ರ ನಿಂತು ಸ್ವಲ್ಪ ಹೊತ್ತು ಮಾತಾಡ್ಕೊಂಡು ಹೋಗ್ತೀವಿ." ಆಕೆ ಬೆರಳುಗಳನ್ನು ಮಡಚಿ ಬಿಚ್ಚುತ್ತಾರೆ. "ಅಷ್ಟು ವರ್ಷ ನಾನು ಮುಂದೆ, ಅವರು ಹಿಂದೆ. ಒಂದಿನಾನೂ ಜೊತೆಗೆ ನಡೆದಿದ್ದಿಲ್ಲ. ಛೆ, ಪಕ್ಕಕ್ಕೆ ತಿರುಗಿ ನೋಡಬಾರದಿತ್ತಾ ನಾನು."