ದೊಡ್ಡಾಯಿಯ ಕಟ್ಟೆಯ ಮೇಲಿನ ಕೆಂಡ

ಎಲ್ಲಾದರೂ ಸೆಗಣಿ ಕುಳ್ಳಿನ ಹೊಗೆಯ ವಾಸನೆ ಬಂದರೆ ಸಾಕು, ನಾನು ಇದ್ದಲ್ಲಿ ಇರುವುದಿಲ್ಲ. ನಿಮಗೂ ಅಂಥದೊಂದು ವಾಸನೆ ಇದ್ದೀತು. ನಾಗನೂರಿನ ನಮ್ಮ ಮಣ್ಣಿನ ಮನೆ ಬಿದ್ದು ಎಷ್ಟೋ ಕಾಲವಾಯಿತು. ಆದರೂ ಅದರ ಅಡುಗೆಮನೆಯಲ್ಲಿ, ಕೌದಿಯಿಂದ ಮೂಗಷ್ಟೇ ಹೊರಗೆ ಹಾಕಿ, ಆಯಿಯನ್ನು ನೋಡುತ್ತ ಮಲಗಿಬಿಡುತ್ತೇನೆ. ಆಯಿ ಎಂದರೆ ನಮ್ಮ ಅಪ್ಪನ ತಾಯಿ. ನಸುಕಿನಲ್ಲಿ ಎದ್ದು, ಬೂದಿ ಮುಚ್ಚಿಟ್ಟ ಕೆಂಡ ಕೆದಕಿ, ಒಲೆ ಹೊತ್ತಿಸಿ, ಅದರ ಮುಂದೆ ಗೋಣಿತಟ್ಟು ಹಾಸಿ ಕೂಡುತ್ತಿದ್ದಳು. ಅದೇ ಅವಳ ಪ್ರಾರ್ಥನೆ. ಕೈ ಮಡಿಲಲ್ಲಿ, ಕಣ್ಣು ಅರೆಮುಚ್ಚಿ, ತುಟಿ ಅಲುಗುತ್ತಿರಲಿಲ್ಲ. ಗೋಕಾಕದಿಂದ ಬರುತ್ತಿದ್ದ ಪಾದ್ರಿಗಳು ಬಡಿಸಿದ ಅನ್ನ ಆರಿಹೋಗುವಷ್ಟು ಉದ್ದ ಪ್ರಾರ್ಥನೆ ಮಾಡುವವರು. "ನಾಲ್ಕ ಮಾತರ ಆಡಬೇಕಲ್ಲವಾ" ಎಂದು ಅವರು ಕೆಣಕಿದರೆ ಆಯಿ, "ಮಾತ ನೀವ ಆಡತೀರಲ್ರಿ. ಅಂವ ಏನ ಅಂತಾನಂತ ಕೇಳಾಕ ಒಬ್ಬರರ ಬೇಕಲ್ರಿ" ಎನ್ನುತ್ತಿದ್ದಳು. ಪಾದ್ರಿಗಳು ನಕ್ಕು ಅನ್ನಕ್ಕೆ ಕೈ ಹಾಕುತ್ತಿದ್ದರು.

ಎದುರು ಮನೆ ದೊಡ್ಡಾಯಿಯದು, ಆಯಿಯ ಒಡಹುಟ್ಟಿದ ಅಕ್ಕ. ಒಂದೇ ಓಣಿಗೆ ಕೊಟ್ಟ ಅಕ್ಕತಂಗಿಯರು. ನಮ್ಮಜ್ಜ ಕೊರಳಿನ ಲಿಂಗ ತೆಗೆದಿಟ್ಟು ಮನೆಮಂದಿಗೆಲ್ಲ ಕ್ರೈಸ್ತ ದೀಕ್ಷಾಸ್ನಾನ ಮಾಡಿಸಿದ ದಿನದಿಂದ ಇಬ್ಬರ ನಡುವೆ ಮಾತು ನಿಂತಿತ್ತು. ಆಗ ಕಡ್ಡಿಪೆಟ್ಟಿಗೆ ಗೀರಿ ಒಲೆ ಹೊತ್ತಿಸುವವರು ಕಡಿಮೆ. ಒಲೆ ಆರಿದರೆ ಹೆಂಗಸರು ಕುಳ್ಳು ಹಿಡಿದು, ತಮ್ಮವರು ಅನ್ನಿಸಿದವರ ಮನೆಗೇ ಬೆಂಕಿಗೆ ಹೋಗುತ್ತಿದ್ದರು. ದೊಡ್ಡಾಯಿ ಹಿಂದೆ ನಮ್ಮ ಮನೆಗೇ ಬರುತ್ತಿದ್ದಳಂತೆ. ಮಾತು ನಿಂತ ಮೇಲೆ ಅವಳು ಬರುವುದು ಬಿಟ್ಟಳು, ಆಯಿ ಕೊಡುವುದು ಬಿಡಲಿಲ್ಲ. ಬೆಳಗಾದರೆ ಕುಳ್ಳಿನ ತುಂಡಿನ ಮೇಲೆ ಕೆಂಡವಿಟ್ಟು ಎದುರು ಕಟ್ಟೆಯ ಮೇಲೆ ಇಟ್ಟು ಬರುವಳು. ಸ್ವಲ್ಪ ಹೊತ್ತಿಗೆ ಅಲ್ಲಿ ಬಾಗಿಲು ತೆರೆದ ಸಪ್ಪಳ, ಹಿಂದೆಯೇ ಚುಂಯ್ ಎಂದು ಕೆಂಡಕ್ಕೆ ನೀರು ಬಿದ್ದ ಸಪ್ಪಳ. ಅದನ್ನು ಕೇಳಿಯೇ ಆಯಿ ಪ್ರಾರ್ಥನೆಗೆ ಕೂಡುತ್ತಿದ್ದಳು.

ನನಗೆ ಮೈಯೆಲ್ಲ ಉರಿಯುತ್ತಿತ್ತು. "ಯಾಕ ಇಡತಿ ಆಯಿ? ದೇವರಿಗೆ ಹೇಳಿ ಅಕಿ ಬುದ್ಧಿ ತಿದ್ದಸು" ಎಂದೆ ಒಮ್ಮೆ.

"ಮೊದಲ ನಾನೂ ಹಂಗ ಬೇಡತಿದ್ನಿ ಮಗಾ. ಬೇಡಿ ಬೇಡಿ ನನ್ನ ಸಿಟ್ಟ ಹೆಚ್ಚಾತು. ಈಗ ಏನೂ ಬೇಡೂದಿಲ್ಲ. ಯೇಸುಸ್ವಾಮಿ ಮುಂದ ಸುಮ್ಮ ಕೂಡತೀನಿ, ಅಕ್ಕನ್ನೂ ಮನಸಿನ್ಯಾಗ ಬಾಜೂಕ ಕುಂದರಿಸ್ಕೋತೀನಿ. ಅಕಿ ಮಾರಿ ನೋಡತೀನಿ. ಪಾಪ, ತಂಗಿನ್ನ ಕಳಕೊಂಡಾಕಿ ಅಕಿ."

ನೀರು ಸುರಿದವಳಿಗೆ ಪಾಪ ಅನ್ನುವುದು ನನಗೆ ಆಗ ಹಿಡಿಸಲಿಲ್ಲ. ಆದರೆ ಒಂದು ಬೆಳಗು, ಓಣಿಯ ತುಂಬ ಮಂಜು ಇದ್ದಾಗ, ಬಾಗಿಲು ತೆರೆದ ಸಪ್ಪಳವಾಯಿತು, ನೀರಿನ ಸಪ್ಪಳ ಬರಲಿಲ್ಲ. ಆಯಿ ಕಿವಿಗೊಟ್ಟಳು, ಆಮೇಲೆ ಎದ್ದು ಬಾಗಿಲಿಗೆ ಹೋದಳು, ನಾನೂ ಹಿಂದೆ ಹೋದೆ. ಎದುರು ಮಾಳಿಗೆಯ ಬೆಳಕಿಂಡಿಯಿಂದ ಹೊಗೆ ಎದ್ದು ಮಂಜಿನೊಳಗೆ ಸೇರಿತು. ಆಯಿಯ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅಂದು ನಮಗೆ ರೊಟ್ಟಿ ತಡವಾಯಿತು. ಮರುದಿನದಿಂದ ಅವಳು ಕೆಂಡ ಇಡಲಿಲ್ಲ. "ಒಲಿ ಹತ್ತೇತಿ, ಸಾಕು" ಎಂದಳು. ದೊಡ್ಡಾಯಿ ಮಾತು ಮಾತ್ರ ಆಡಲಿಲ್ಲ. ಆಯಿ ಅದಕ್ಕಾಗಿ ಕಾಯುತ್ತಲೇ ಇದ್ದಳೆಂದು ನನಗೆ ಗೊತ್ತು.

ಸುಗ್ಗಿಯ ದಿನಗಳಲ್ಲಿ ಆಯಿ ತೀರಿಕೊಂಡಳು. ಮಣ್ಣಿಗೂ ದೊಡ್ಡಾಯಿ ಬರಲಿಲ್ಲ, ಕಟ್ಟೆಯ ಮೇಲೆ ನಿಂತು ನೋಡಿದಳಷ್ಟೆ. ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸಬಾರದೆಂಬ ರೂಢಿ ಧರ್ಮ ಬದಲಾದರೂ ನಮ್ಮಲ್ಲಿ ಉಳಿದಿತ್ತು. ಆಯಿ ಕಾಪಾಡಿದ ಬೆಂಕಿ ಬೂದಿಯಡಿಯಲ್ಲೇ ಆರಿತು. ಆ ದಿನಗಳು ಕಳೆದ ಬೆಳಗು ಅವ್ವ ತಣ್ಣನೆಯ ಒಲೆಯ ಮುಂದೆ ಕೂತಿದ್ದಳು. ಬಾಗಿಲಲ್ಲಿ ದೊಡ್ಡಾಯಿ ಕಾಣಿಸಿದಳು, ಕೈಯಲ್ಲಿ ಕುಳ್ಳು, ಅದರ ಮೇಲೆ ಕೆಂಡ. ಹೊಸ್ತಿಲು ದಾಟಿ ಬಂದು, ಅದನ್ನು ನಮ್ಮ ಒಲೆಯಲ್ಲಿಟ್ಟು ಊದಿದಳು.

"ಇದ ನಂದಲ್ಲವಾ. ನನ್ನ ತಂಗಿ ಇಟ್ಟದ್ದ. ಅವತ್ತ ಮಂಜಿನ್ಯಾಗ ಒಳಗ ಒಯ್ದಿದ್ನಿ, ಇವತ್ತಿನ ತನಕ ಆರಾಕ ಬಿಟ್ಟಿಲ್ಲ."

ಬೆಂಕಿ ಹತ್ತಿತು. ಮೂಲೆಯಲ್ಲಿದ್ದ ಗೋಣಿತಟ್ಟನ್ನು ದೊಡ್ಡಾಯಿಯೇ ಹಾಸಿದಳು. ಅದರ ಅರ್ಧದ ಮೇಲೆ ತಾನು ಕೂತು, ಇನ್ನರ್ಧವನ್ನು ಖಾಲಿ ಬಿಟ್ಟು, ಕೈ ಮಡಿಲಲ್ಲಿಟ್ಟು ಕಣ್ಣು ಅರೆಮುಚ್ಚಿದಳು.