ಸಾರಿನ ಮೇಲೆ ಅನುಮಾನ

ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು ನಾನು. ಯಾರನ್ನೂ ಸುಲಭಕ್ಕೆ ನಂಬದಿರುವುದೇ ನಮ್ಮ ಕಸುಬಿನ ಬಂಡವಾಳ. ಹೋದ ವರ್ಷ ರಕ್ತದೊತ್ತಡ ಏರಿ ಅಂಗಡಿಯಲ್ಲೇ ತಲೆಸುತ್ತು ಬಂದಾಗ, ಹೆಂಡತಿ ನನ್ನನ್ನು ಹಾಸನದ ಒಬ್ಬ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದಳು.

ಆಕೆ ಮಾತ್ರೆ ಬರೆದುಕೊಟ್ಟು, ಉಪ್ಪನ್ನೂ ಪಾಲಿಶ್ ಅಕ್ಕಿಯನ್ನೂ ಕಡಿಮೆ ಮಾಡಿ ರಾಗಿ, ಹುರುಳಿ, ಸೊಪ್ಪು ಹೆಚ್ಚಿಗೆ ತಿನ್ನಲು ಹೇಳಿದರು. ಅವುಗಳ ನಾರು ನಮಗೆ ಅರಗುವುದಿಲ್ಲವಂತೆ. ಕರುಳಿನ ಬ್ಯಾಕ್ಟೀರಿಯಾ ಅದನ್ನು ತಿಂದು ಏನೋ ಆಮ್ಲ ತಯಾರಿಸುತ್ತವಂತೆ, ಅದರಿಂದ ರಕ್ತನಾಳ ಸಡಿಲವಾಗಬಹುದಂತೆ.

"ಆಗ್ಬೋದು ಅಂದ್ರೆ? ಆಯ್ತದೋ ಇಲ್ವೋ ಏಳಿ," ಎಂದೆ.

"ಇನ್ನೂ ಪರೀಕ್ಷೆ ಮಾಡ್ತಾ ಇದ್ದಾರೆ. ನೀವಂತೂ ಮಾತ್ರೆ ಬಿಡಬೇಡಿ."

'ಬಹುದು' ಎನ್ನುವವರಿಂದ ನಾನು ಒಂದು ಮೂಟೆ ಕೊಬ್ಬರಿಯನ್ನೂ ಕೊಂಡವನಲ್ಲ. ಮೇಲಾಗಿ, ಅನ್ನ ಕಡಿಮೆ ಮಾಡಿ ಎಂದು ಹೆಂಡತಿ ವರ್ಷಗಳಿಂದ ಹೇಳುತ್ತಿದ್ದ ಮಾತೇ ಡಾಕ್ಟರಮ್ಮನ ಬಾಯಲ್ಲೂ ಬಂದಿತ್ತು. ಇಬ್ಬರೂ ಮೊದಲೇ ಮಾತಾಡಿಕೊಂಡಿರಬೇಕು ಎನ್ನಿಸಿತು.

ಆದರೂ ಮಾತ್ರೆ ನುಂಗುತ್ತಾ, ಅವಳು ಬಡಿಸಿದ ಮುದ್ದೆ, ಹುರುಳಿಸಾರು ಉಣ್ಣತೊಡಗಿದೆ. ಮೊದಮೊದಲು ಹೊಟ್ಟೆ ಉಬ್ಬರಿಸಿ ಗಿರಾಕಿಗಳ ಮುಂದೆ ಕೂರುವುದೇ ಕಷ್ಟವಾಯಿತು. ಆಮೇಲೆ ಅದು ತಗ್ಗಿತು. ಕೆಲವು ತಿಂಗಳಲ್ಲಿ ಒತ್ತಡವೂ ಇಳಿಯಿತು. ಡಾಕ್ಟರಮ್ಮನ ಮೆಷಿನ್ ಕೆಟ್ಟಿರಬೇಕೆಂದು, ಹೊಳೆನರಸೀಪುರಕ್ಕೆ ಮದುವೆಗೆ ಹೋದಾಗ ಅಲ್ಲಿ ಇನ್ನೊಂದು ಕಡೆ ನೋಡಿಸಿದೆ. ಅಲ್ಲೂ ಅಷ್ಟೇ ಬಂತು. ಆಗ ಹೊಳೆಯಿತು: ಇವಳು ಇನ್ನಷ್ಟು ಮಾತ್ರೆ ಪುಡಿಮಾಡಿ ಸಾರಿಗೆ ಬೆರೆಸುತ್ತಿದ್ದಾಳೆ.

ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಅವಳು ತಿರುಗದೆಯೇ ಕೇಳಿದಳು, "ಕಳ್ಳನಂಗೆ ಅಲ್ಯಾಕ್ ನಿಂತಿದ್ದೀರಿ?"

ನನ್ನ ಅನುಮಾನವನ್ನು ಹೇಳಿದೆ. ಅವಳ ಮುಖ ಸಣ್ಣದಾಯಿತು.

"ನಿಮ್ಗೇನಾದ್ರೂ ಎಚ್ಚುಕಮ್ಮಿ ಆದ್ರೆ ಅನ್ನೋ ಭಯ ನಂಗಿಲ್ವಾ? ತಗಳಿ, ಇವತ್ನಿಂದ ನೀವೇ ಬೇಯ್ಸ್ಕಳಿ," ಎಂದು ಸೌಟನ್ನು ನನ್ನ ಕೈಗಿಟ್ಟು ಹೊರಗೆ ಹೋದಳು.

ಬೇಯಿಸಿದೆ. ಹುರುಳಿ ನಾನೇ ನೆನೆಹಾಕಿದೆ, ಸೊಪ್ಪು ನಾನೇ ಬಿಡಿಸಿದೆ. ಮುದ್ದೆ ಗಂಟುಗಂಟಾಯಿತು. ಖಾರದಪುಡಿಯ ಡಬ್ಬಿಯನ್ನೂ ಬಿಡದೆ ಮೂಸಿ ನೋಡಿದೆ. ಅವಳು ನಾನು ಬಡಿಸಿದ್ದನ್ನು ಉಣ್ಣುತ್ತಿದ್ದಳು. ಮುಂದಿನ ಸಲ ಹಾಸನದಲ್ಲಿ ನೋಡಿದಾಗಲೂ ಒತ್ತಡ ಇಳಿದೇ ಇತ್ತು.

"ಯಾವ್ದ್ರಿಂದ ಇಳೀತು ಮತ್ತೆ?" ಎಂದು ಕೇಳಿದೆ.

"ಮಾತ್ರೆಯಿಂದಾನೋ, ಉಪ್ಪು ಕಡಿಮೆ ಆಗಿದ್ದಕ್ಕೋ, ನಾರಿನಿಂದಾನೋ, ಬೇರ್ಪಡಿಸಿ ಹೇಳೋಕಾಗಲ್ಲ," ಎಂದರು ಡಾಕ್ಟರಮ್ಮ.

ವಾಪಸು ಬರುವ ಬಸ್ಸಿನಲ್ಲಿ ಹೆಂಡತಿ ಕಿಟಕಿಯಾಚೆ ನೋಡುತ್ತಲೇ ಕೇಳಿದಳು, "ಅನ್ಮಾನ ಓಯ್ತಾ?"

"ನಿನ್ ಮ್ಯಾಲಿಂದು ಓಯ್ತು ಕಣೆ," ಎಂದೆ.

ಆ ಬ್ಯಾಕ್ಟೀರಿಯಾಗಳ ಮೇಲಿನದು ಇನ್ನೂ ಪೂರ್ತಿ ಹೋಗಿಲ್ಲ. ಆದರೂ ಅವಕ್ಕೆ ದಿನಾ ಹುರುಳಿ ಹಾಕುತ್ತಿದ್ದೇನೆ.