ಮೋಟರಿನ ಸುತ್ತು ಅಳೆದ ದಾರ

ನಾನು ಚಿಕ್ಕವನಿದ್ದಾಗ ಬೆಳಗಾವಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇತ್ತು. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದು, ಕಸ ಗುಡಿಸಿ, ಆಮೇಲೆಯೇ ಚಹಾ. ಊರಿಗೆ ವಿದ್ಯುತ್ತು ಬಂದ ಹೊಸದರಲ್ಲಿ ಅಪ್ಪ ನಮ್ಮ ಎಣ್ಣೆ ಎಂಜಿನ್ನನ್ನು ಖಾನಾಪುರದ ಕಾಕಾನ ಅಕ್ಕಿ ಗಿರಣಿಗೆ ಕಳಿಸಿ, ಯಾರೋ ಬಳಸಿದ್ದ ಮೋಟರೊಂದನ್ನು ತಂದ. ಪಟ್ಟಾ ಎಳೆದು ಬೀಸುವ ಕಲ್ಲನ್ನು ತಿರುಗಿಸುತ್ತಿದ್ದ ಎಂಜಿನ್ನಿನ ದೊಡ್ಡ ಗಾಲಿ ಗಟ್ಟಿಯಾಗಿದೆಯೆಂದು ಅದನ್ನು ಮಾತ್ರ ಉಳಿಸಿಕೊಂಡು ಮೋಟರಿಗೆ ಕೂಡಿಸಿದ. ಹೊಗೆಯಿಲ್ಲ, ಧಡಧಡ ಸದ್ದಿಲ್ಲ; ಜೇನುಗೂಡಿನಂತೆ ಗುಂಯ್ ಎನ್ನುವ ಅದರ ಮುಂದಿನಿಂದ ನಾನು ಏಳುತ್ತಲೇ ಇರಲಿಲ್ಲ.

ಆದರೆ ಹಿಟ್ಟು ಕೈ ಸುಡುವಷ್ಟು ಬಿಸಿಯಾಗಿ ಬೀಳತೊಡಗಿತು. ಕಮಟು ವಾಸನೆ ಬೇರೆ. ಪೀರನವಾಡಿಯಿಂದ ಜೋಳ ಹೊತ್ತು ತರುತ್ತಿದ್ದ ಅಜ್ಜಿಯೊಬ್ಬಳು ಎಲ್ಲರೆದುರಿಗೇ ಕೇಳಿದಳು: "ನಿಮ್ಮ ಮಿಷಿನ್ ಹಿಟ್ಟು ಬೀಸತೈತೋ, ಹುರಿತೈತೋ? ಜಿಗಿನ ಇಲ್ಲ, ರೊಟ್ಟಿ ಬಡಿದ್ರ ಹರಿತಾವ."

ವಾರದಲ್ಲಿ ಗಿರಣಿ ಅರ್ಧ ಖಾಲಿಯಾಯಿತು. ಸೋಮವಾರ ಖಾನಾಪುರಕ್ಕೆ ಹೋಗಿ ಎಂಜಿನ್ ವಾಪಸು ತರುವುದೆಂದು ಅಪ್ಪ ಹೇಳಿದಾಗ ನನಗೆ ಅನ್ನ ಸೇರಲಿಲ್ಲ.

ಮೋಟರು ಎಷ್ಟು ಜೋರಾಗಿ ತಿರುಗುತ್ತದೆ ಎಂದು ಕೇಳಿದವಳು ಅಕ್ಕ. ಅಪ್ಪನಿಗೂ ಗೊತ್ತಿರಲಿಲ್ಲ, ಮೋಟರಿನ ಮೇಲಿನ ಅಕ್ಷರಗಳೆಲ್ಲ ಸವೆದುಹೋಗಿದ್ದವು. ಕಣ್ಣಿಗೆ ಕಾಣದ್ದನ್ನು ಎಣಿಸುವುದು ಹೇಗೆ?

ಅಕ್ಕ ದಿನಾ ಚರಕದಲ್ಲಿ ನೂಲುವವಳು. "ದೊಡ್ಡ ಗಾಲಿ ಒಂದ ಸುತ್ತ ಹಾಕೂದ್ರಾಗ ನೂಲು ಸುತ್ತೂ ಸಣ್ಣ ಕದರು ಎಷ್ಟೋ ಸುತ್ತ ಹಾಕತೈತಿ. ದೊಡ್ಡದನ್ನ ಎಣಸೂಣು, ಅಪ್ಪಾ," ಎಂದಳು.

ರವಿವಾರ ಗಿರಣಿಗೆ ಸೂಟಿ. ದೊಡ್ಡ ಗಾಲಿಯನ್ನು ಮೋಟರಿನಿಂದ ಬಿಚ್ಚಿ ಎರಡು ಕಂಬಗಳ ನಡುವೆ ತಿರುಗುವಂತೆ ಕೂಡಿಸಿದೆವು. ಮೋಟರಿನ ಜೊತೆ ಬಂದಿದ್ದ ಪುಟ್ಟ ಗಾಲಿಯನ್ನು ಮೋಟರಿಗೆ ತೊಡಿಸಿ, ಎರಡೂ ಗಾಲಿಗಳಿಗೆ ಪಟ್ಟಾ ಏರಿಸಿದೆವು. ಅಕ್ಕ ದೊಡ್ಡ ಗಾಲಿಗೆ ಒಂದು ಸುತ್ತು ದಾರ ಸುತ್ತಿ ಕತ್ತರಿಸಿದಳು. ಅದೇ ದಾರ ಪುಟ್ಟ ಗಾಲಿಗೆ ಸರಿಯಾಗಿ ಹತ್ತು ಸುತ್ತು ಬಂತು. ಅಂದರೆ ದೊಡ್ಡದು ಒಮ್ಮೆ ತಿರುಗಿದರೆ ಮೋಟರು ಹತ್ತು ಸಲ.

ದೊಡ್ಡ ಗಾಲಿಗೆ ಕೆಂಪು ಅರಿವೆ ಕಟ್ಟಿದೆವು. ಅಪ್ಪ ಗಡಿಯಾರ ಹಿಡಿದ, ಅರಿವೆ ಮೇಲೆ ಬಂದಾಗಲೆಲ್ಲ ನಾನು ಎಣಿಸಿದೆ. ನಿಮಿಷಕ್ಕೆ ತೊಂಬತ್ತಾರು. ಹಾಗಾದರೆ ಮೋಟರು ಒಂಬೈನೂರ ಅರವತ್ತು! ಹಳೆಯ ಎಂಜಿನ್ ತಿರುಗುತ್ತಿದ್ದುದು ಮುನ್ನೂರು ಮಾತ್ರ. ಅದೇ ದೊಡ್ಡ ಗಾಲಿ ಈಗ ಕಲ್ಲನ್ನು ಮೂರು ಪಟ್ಟು ಜೋರಾಗಿ ತಿರುಗಿಸಿ ಹಿಟ್ಟು ಸುಡುತ್ತಿತ್ತು.

ಅಪ್ಪ ಹಣೆ ಉಜ್ಜಿಕೊಂಡ. "ಎತ್ತಿನ ನೊಗಾ ಕುದುರಿಗೆ ಹೂಡೀನಿ ನೋಡು."

ಊರಿನ ಕ್ಯಾಂಪ್ ಭಾಗದ ಬಡಿಗೇರ ಮೋಟರಿಗೆ ದೊಡ್ಡ ಗಾಲಿಯ ಮೂರನೇ ಒಂದರಷ್ಟು ಅಡ್ಡಳತೆಯ ಹೊಸ ಗಾಲಿ ಕಡೆದುಕೊಟ್ಟ. ಪೀರನವಾಡಿಯ ಅಜ್ಜಿ ಮತ್ತೆ ಬಂದು, ಬೀಳುತ್ತಿದ್ದ ಹಿಟ್ಟಿನಲ್ಲಿ ಕೈಯಿಟ್ಟು ನೋಡಿದಳು. ನಂತರ ಹೊರಗೆ ನಿಂತವರನ್ನು ಕೂಗಿದಳು: "ಬರ್ರಿ, ಬೆಚ್ಚಗಷ್ಟ ಐತಿ."

ಮಕ್ಕಳೇ, ನಿಮ್ಮ ಮನೆಯ ಮಿಕ್ಸರಿನ ತಳದಲ್ಲಿ ಅದರ ಸುತ್ತುಗಳನ್ನು ಅಚ್ಚು ಹಾಕಿಯೇ ಕಳಿಸುತ್ತಾರೆ. ನೀವು ದಾರ ಸುತ್ತಬೇಕಾಗಿಲ್ಲ. ಆದರೂ ನಾಳೆ ಚಟ್ನಿ ಪುಡಿ ಮಾಡಿದ ಕೂಡಲೇ ಆ ಪುಡಿಯನ್ನೊಮ್ಮೆ ಮುಟ್ಟಿ ನೋಡಿ. ಬಿಸಿ ತಾಗಿದರೆ ವೇಗದ ಗುಂಡಿಯನ್ನು ಒಂದು ಅಂಕಿ ಕೆಳಗಿಳಿಸಿ. ನಮಗೆ ಅದಕ್ಕೊಂದು ಇಡೀ ರವಿವಾರ ಬೇಕಾಗಿತ್ತು.